ಪಕ್ಕದ ಸೀಟಿನ ಬ್ರೇಕು

…ಅಲ್ಲ ಭಾವ, ಅದನ್ನ ಅಂದದ್ದು ನಮ್ಮಪ್ಪ ಅಲ್ಲ, ನಮ್ಮಣ್ಣ. "ಸೈಕಲ್ ತುಳಿದ್ರೆ ಬೇಲಿಗೆ ಹೋಗಿ ಬೀಳೋಳು, ಇವಳು ಡ್ರೈವಿಂಗ್ ಸ್ಕೂಲ್ ಇಟ್ಟು ಊರಿಗೆ ಕಾರು ಕಲಿಸ್ತಾಳಂತೆ" ಅಂತ. ಮನೆ ತುಂಬ ನೆಂಟರು, ಎಲ್ಲರೂ ನಕ್ಕರು. ಅತ್ತಿಗೆ ಅಂತೂ ನೆತ್ತಿಗೆ ಹತ್ತೋ ಹಾಗೆ ನಕ್ಕಳು, ಕುಡಿಯೋಕೆ ನೀರು ಕೊಟ್ಟಿದ್ದೂ ನಾನೇ. ನಗದೇ ಇದ್ದವಳು ಒಬ್ಬಳೇ, ನಿಮ್ಮ ಹೆಂಡತಿ. ಆಗಿನ್ನೂ ನಿಮ್ಮ ಹೆಂಡತಿ ಆಗಿರಲಿಲ್ಲ ಅನ್ನಿ, ಬರೀ ನನ್ನ ಗೆಳತಿ… ಕ್ಲಚ್ ಒತ್ತಿ. ಕ್ಲಚ್ಚು. ಅದು ಬ್ರೇಕು. ಹಾಂ… ಅದು.

ಯಾಕೆ ನಗ್ತೀರಿ? ಊರಿಗೆಲ್ಲ ಕನ್ನಡಕ ಮಾಡಿಕೊಡೋ ಮನುಷ್ಯನಿಗೆ ಕಾಲಡಿ ಇರೋ ಪೆಡಲು ಕಾಣಲ್ಲ ಅಂದ್ರೆ ನಗಬೇಕಾದವಳು ನಾನು.

ಇರಲಿ. ಈಗ ಒಪ್ಪಂದ ಇನ್ನೊಂದು ಸಲ ಹೇಳ್ತೀನಿ, ಆಮೇಲೆ ಹಾಗಂದಿಲ್ಲ ಹೀಗಂದಿಲ್ಲ ಅಂತ ರಾಗ ಎಳೀಬೇಡಿ. ನಾವಿಬ್ಬರೂ ಸ್ಕೂಲಲ್ಲಿ ಕಲಿಸ್ತಿದ್ದ ಈ ಕಾರು ಅವಳದ್ದು. ಅವಳು ಹೋದಮೇಲೆ ನಿಮ್ಮದು. ಸಂಜೆ ಹಳೇ ಕಾರಿನ ದಲ್ಲಾಳಿ ಬರ್ತಾನೆ. ನೀವೇನಂದ್ರಿ? "ಈ ಏರಲ್ಲಿ ನಿಲ್ಲಿಸಿ, ಹಿಂದಕ್ಕೆ ಜಾರದೆ ಹತ್ತಿಸಿದ್ರೆ ಇಟ್ಕೋತೀನಿ. ಜಾರಿದ್ರೆ ಕೊಟ್ಟುಬಿಡ್ತೀನಿ. ಹಣೇಲಿ ಬರೆದ ಹಾಗಾಗಲಿ." ಅಂದ್ರಿ ತಾನೆ? ಹಿಂದಿನ ಗಾಲಿಯ ಹಿಂದೆ ಬೆಂಕಿಪೊಟ್ಟಣ ಇಟ್ಟವರೂ ನೀವೇ. ಪೊಟ್ಟಣ ಜಜ್ಜಿದ್ರೆ ಕಾರು ದಲ್ಲಾಳಿಗೆ. ಸರಿ, ಬೆಂಕಿಪೊಟ್ಟಣವೇ ತೀರ್ಪು ಕೊಡಲಿ. ಕೋರ್ಟಿಗಿಂತ ಬೇಗ ಆಗುತ್ತೆ, ವಕೀಲರ ಕಾಟವೂ ಇಲ್ಲ.

ಆದ್ರೆ ಹಣೆಬರಹ ಅಂದ್ರಲ್ಲ, ಅದಕ್ಕೇ ನನ್ನ ಹೊಟ್ಟೆ ಉರಿಯೋದು. ಅವಳು ಹೋದ ದಿನದಿಂದ ಆ ಮಾತು ಕೇಳಿ ಕೇಳಿ ಕಿವಿ ತೂತಾಗಿದೆ. ಬಲ್ಬು ತರೋಕೆ ಹೋದವಳು. ಅಂಗಡಿಯವನು ಉರಿಯುತ್ತಾ ಇಲ್ವಾ ಅಂತ ಹಚ್ಚಿ ತೋರಿಸ್ತಿದ್ದಾನೆ, ಇವಳು ಅಲ್ಲೇ ಸ್ಟೂಲಿನ ಮೇಲೆ ಕೂತಳು. ಅಷ್ಟೇ. ನರಪಿಳ್ಳೆ ಇಲ್ಲದ ರಸ್ತೇಲೂ ಕೈ ತೋರಿಸಿ ತಿರುಗೋಳು ಅವಳು. ಕೆಂಪು ದೀಪ ಕೆಟ್ಟು ನಿಂತಿದ್ರೆ ಅದಕ್ಕೂ ಮರ್ಯಾದೆ ಕೊಟ್ಟು ನಿಲ್ಲೋಳು. ಅಂಥವಳು ಒಂದು ಬಲ್ಬಿನಂಗಡೀಲಿ…

ಮಾತಾಡಿಸೋಕೆ ಬಂದ ಜನ ಏನು ಕಡಿಮೆಯಾ? ನಿಮ್ಮ ಪಕ್ಕದ ಮನೆ ಮೇಷ್ಟ್ರು ಏನಂದ್ರು ಗೊತ್ತಾ? "ಬಲ್ಬು ಹತ್ತಿತು, ದೀಪ ಆರಿತು." ಅಂದು ಸುತ್ತ ನೋಡಿದ್ರು, ಯಾರಾದ್ರೂ ಬರೆದುಕೊಂಡ್ರಾ ಅಂತ. ಆಮೇಲೆ ನಿಮ್ಮ ಷಡ್ಡಕರು. "ಅವನ ಅಪ್ಪಣೆ ಇಲ್ಲದೆ ಹುಲ್ಲುಕಡ್ಡಿಯೂ ಅಲ್ಲಾಡಲ್ಲಮ್ಮ." ನಾನು ಕೇಳಿದೆ, "ಈಗ ನಿಮ್ಮ ನಾಲಿಗೆ ಅಲ್ಲಾಡಿತಲ್ಲ, ಅಪ್ಪಣೆ ಚೀಟಿ ತೋರಿಸಿ." ಅವತ್ತಿಂದ ನನ್ನ ಕಂಡ್ರೆ ರಸ್ತೆ ದಾಟ್ತಾರೆ. ಅದಕ್ಕೂ ಅಪ್ಪಣೆ ತಗೊಂಡಿರ್ತಾರೆ ಬಿಡಿ.

ನನ್ನ ಶಾಲೆ ಬಿಡಿಸಿದ್ರು ನಮ್ಮ ಮನೆಯವರು. ಓದು ಬಿಡಿಸೋಕೆ ಆಗಲಿಲ್ಲ. ರದ್ದಿ ಅಂಗಡೀಲಿ ತೂಕಕ್ಕೆ ತಂದು ಓದ್ತೀನಿ. ಅವಳು ಹೋದಮೇಲೆ ಒಂದು ದಪ್ಪ ಪುಸ್ತಕ ಸಿಕ್ಕಿತು, ಮನುಷ್ಯ ತಾನಾಗಿ ಏನಾದ್ರೂ ಮಾಡ್ತಾನೋ, ಇಲ್ಲಾ ದಾರ ಕಟ್ಟಿದ ಗೊಂಬೆಯೋ ಅಂತ. ಬರೆದವನು ಭಾರಿ ಘಾಟಿ. ಇದೂ ಹೌದು, ಅದೂ ಹೌದು, ಆದಾಗ್ಯೂ, ಹಾಗಿದ್ದರೂ, ಅಂತ ಎಳೆದೂ ಎಳೆದೂ, "ಉತ್ತರ ಕೊನೆಯ ಅಧ್ಯಾಯದಲ್ಲಿ" ಅಂದ. ಕೊನೇ ಅಧ್ಯಾಯದಲ್ಲಿ ರದ್ದಿಯವನು ಕಡಲೆಕಾಯಿ ಕಟ್ಟಿ ಮಾರಿಬಿಟ್ಟಿದ್ದಾನೆ. ಹೋಗಿ ಜಗಳ ತೆಗೆದೆ. "ಅಕ್ಕಾ, ಆ ಹಾಳೆ ತಗೊಂಡು ಹೋದೋರು ಯಾರೂ ವಾಪಸ್ ಬಂದು ದೂರು ಹೇಳಿಲ್ಲ" ಅಂದ.

ನಗಿ, ನಗಿ. ಎಷ್ಟು ದಿನ ಆಯ್ತು ನೀವು ನಕ್ಕು.

ನನಗೆ ಆ ಅಧ್ಯಾಯ ಬೇಕಾಗಿಯೂ ಇಲ್ಲ. ಉತ್ತರ ಇಲ್ಲೇ ಇದೆ. ನನ್ನ ಸೀಟಿನ ಮುಂದೆ ಕಲಿಸೋರಿಗೆ ಅಂತ ಇನ್ನೊಂದು ಬ್ರೇಕಿದೆಯಲ್ಲ, ಅದನ್ನ ನೋಡಿ ಕಲಿಯೋಕೆ ಬಂದವರೆಲ್ಲ ಕೇಳ್ತಾರೆ, "ಹಾಗಾದ್ರೆ ಓಡಿಸ್ತಿರೋದು ನಾನಾ, ನೀವಾ?" ಅದಕ್ಕೆ ನಿಮ್ಮ ಹೆಂಡತಿಯದ್ದು ಒಂದೇ ಉತ್ತರ. "ನಿನ್ನ ಕಾಲೇ." ಏರು ಹತ್ತಿಸಿದ್ರೂ "ನೋಡು, ನಿನ್ನ ಕಾಲೇ." ಕಂಬ ಮೂಗಿನ ಹತ್ರ ಬಂದಾಗ ಕಾರು ಗಕ್ಕಂತ ನಿಂತ್ರೂ "ನಿನ್ನ ಕಾಲೇ." ಒಬ್ಬ ಬ್ಯಾಂಕ್ ಗುಮಾಸ್ತ ಗಾಬರೀಲಿ ಎರಡೂ ಕಾಲು ಎತ್ತಿ ಸೀಟಿನ ಮೇಲೆ ಇಟ್ಕೊಂಡಿದ್ದ. ಕಾರು ನಿಂತಿತು. ಅವನಿಗೂ ಅದೇ ಮಾತು. ಅವನು ನಂಬಿದ, ಭಾವ. ನಂಬಿಬಿಟ್ಟ. ಇವತ್ತು ಬಸ್ಸಿಗೇ ದಾರಿ ಬಿಡಲ್ಲ.

ಆದ್ರೆ ನನ್ನ ವಿಷಯ ಬೇರೆ. ನನ್ನದು ನಿಜವಾಗಲೂ ನನ್ನ ಕಾಲೇ. ಇದೇ ಏರು, ನನ್ನ ಲೈಸೆನ್ಸ್ ಪರೀಕ್ಷೆ. ಅವಳು ಆಗ ಬೇರೆಯವರ ಸ್ಕೂಲಲ್ಲಿ ಕಲಿಸ್ತಿದ್ದಳು, ಆ ಕಾರೂ ಇಂಥದ್ದೇ. ಪರೀಕ್ಷೆ ಸಾಹೇಬರು ಹಿಂದಿನ ಸೀಟಲ್ಲಿ, ಅವಳು ನನ್ನ ಪಕ್ಕ. ಗಾಲಿ ಹಿಂದೆ ಬೆಂಕಿಪೊಟ್ಟಣ ಇಡಿಸಿದ್ದು ಸಾಹೇಬರೇ. ಅಣ್ಣ ಅಲ್ಲಿ, ಆ ಗೋದಾಮಿನ ಗೋಡೆ ಹತ್ರ ಕೈಕಟ್ಟಿ ನಿಂತಿದ್ದ. ನಾನು ಜಾರೋದನ್ನ ನೋಡೋಕೆ ಅಂತಲೇ ಕೆಲಸಕ್ಕೆ ರಜೆ ಹಾಕಿ ಬಂದಿದ್ದ. ಕೂದಲೆಳೆಯಷ್ಟೂ ಜಾರಲಿಲ್ಲ. ಪೊಟ್ಟಣ ಎತ್ಕೊಂಡು ಹೋಗಿ ಅವನ ಮೂಗಿನ ಮುಂದೆ ಹಿಡಿದೆ. ಅವತ್ತಿಂದ ನನ್ನ ಕಾಲ ಮೇಲೆ ನಾನು ನಿಂತಿದ್ದೀನಿ. ಇದರಲ್ಲಿ ಹಣೆ ಎಲ್ಲಿ ಬಂತು, ಬರಹ ಎಲ್ಲಿ ಬಂತು?

ಏನು, ಹಾಗೆ ನೋಡ್ತೀರಿ? ಈ ಕಥೆ ಮೊದಲೂ ಕೇಳಿದ್ದೀರಾ? ಕೇಳಿರ್ತೀರಿ. ಮುಂದೆ ನೋಡಿ.

ಈಗ. ಹ್ಯಾಂಡ್ ಬ್ರೇಕ್ ಪೂರ್ತಿ ಇಳಿಸಿ. ಕಾಲು ಬ್ರೇಕಿನ ಮೇಲೇ ಇರಲಿ. ಕ್ಲಚ್ ಮೆಲ್ಲಗೆ ಬಿಡಿ… ಮೆಲ್ಲಗೆ… ಕಾರು ಮೂಗು ಎತ್ತುತ್ತೆ, ನೀರು ಕುಡೀತಿದ್ದ ಹಸು ತಲೆ ಎತ್ತಿದ ಹಾಗೆ. ಎತ್ತಿತಾ? ಈಗ ಬಲಗಾಲು ಬ್ರೇಕಿಂದ ಆಕ್ಸಿಲರೇಟರಿಗೆ. ಕೊಡಿ. ಮಗುವಿನ ಕೆನ್ನೆ ಮುಟ್ಟಿದ ಹಾಗೆ ಮುಟ್ಟಬೇಡಿ, ಒತ್ತಿ… ಹೋಯ್ತು. ಹೋಯ್ತು ನೋಡಿ. ಸಾಕು, ಸಾಕು, ನಿಲ್ಲಿಸಿ. ಗೇರು ಬಿಡಿಸಿ. ಆಫ್ ಮಾಡಿ.

ನೋಡಿದ್ರಾ ಭಾವ? ನಿಮ್ಮ ಕಾಲೇ.

ನಂಬಿಕೆ ಇಲ್ವಾ? ಇಳಿದು ಹೋಗಿ, ನಿಮ್ಮ ತೀರ್ಪು ನೀವೇ ಓದಿ ಬನ್ನಿ… ಇದೆಯಾ? ನೆಟ್ಟಗಿದೆಯಾ? ನಾನು ಹೇಳಲಿಲ್ವಾ. ತನ್ನಿ, ತೋರಿಸಿ. ಒಂದು ಮೂಲೆ ಕೂಡ ನಲುಗಿಲ್ಲ. ದಲ್ಲಾಳಿಗೆ ಫೋನ್ ಮಾಡಿ, ಬರೋದು ಬೇಡ ಅಂತ. ಹಣೆಬರಹ ಗಿಣೆಬರಹ ಏನೂ ಇಲ್ಲ, ಮನುಷ್ಯ ಮನಸ್ಸು ಮಾಡಿದ್ರೆ… ಹತ್ತಿ ಭಾವ. ಯಾಕೆ ಅಲ್ಲೇ ನಿಂತ್ರಿ?

ಯಾಕೆ ಕಿಟಕೀಲಿ ಹಾಗೆ ಬಗ್ಗಿ ನೋಡ್ತಿದ್ದೀರಿ?

ಏನು… ಹ್ಯಾಂಡ್ ಬ್ರೇಕಾ?

ಕೆಳಗಿದೆ. ಹೌದು. ನೀವು ಎಳೆದಿಲ್ಲ. ಗೇರೂ ಇಲ್ಲ. ಇದು ಏರು, ಡ್ರೈವರ್ ಹೊರಗೆ ಬೆಂಕಿಪೊಟ್ಟಣ ಹಿಡ್ಕೊಂಡು ನಿಂತಿದ್ದಾನೆ, ಆದ್ರೂ ಕಾರು ನಿಂತಿದೆ… ಹಳೇ ಕಾರಲ್ವಾ, ಗಾಲಿ ಸ್ವಲ್ಪ ಬಿಗಿ. ಇಲ್ಲಿ ರಸ್ತೇಲಿ ಒಂದು ತಗ್ಗೂ ಇದೆ, ಅದಕ್ಕೇ…

ಏನಾದ್ರೂ ಅನ್ನಿ. ಬೇಕಾದ್ರೆ ಬೈರಿ. ಹಾಗೆ ನನ್ನ ಕಾಲು ನೋಡ್ಕೊಂಡು ನಿಲ್ಲಬೇಡಿ.

ಒತ್ತಿದ್ದೀನಿ. ಹೌದು. ಏರಲ್ಲಿ ನೀವು ಬ್ರೇಕಿಂದ ಕಾಲು ತೆಗೆದಾಗಲೂ ಒತ್ತಿದ್ದೆ. ಈ ಸೀಟು ನೋಡಿ, ಅವಳು ಕೂತು ಕೂತು ತಗ್ಗಾಗಿದೆ. ಇದರಲ್ಲಿ ಇನ್ಯಾರೋ ಬಂದು ಕೂರ್ತಾರೆ ಅಂದ್ರೆ ನನಗೆ ಆಗಲ್ಲ ಭಾವ.

ನೀವೇನೂ ಕೇಳ್ತಿಲ್ಲ. ಆದ್ರೂ ಕೇಳ್ತಿದ್ದೀರಿ. ಅವತ್ತಿನದನ್ನೂ.

ಪರೀಕ್ಷೆ ಮುಗಿದು ಕಾರಿಂದ ಇಳಿದಳಲ್ಲ, ಅವಳ ಬಲಗಾಲು ನಡುಗ್ತಿತ್ತು. ಪರೀಕ್ಷೆ ನನ್ನದು, ನಡುಗಿದ್ದು ಅವಳ ಕಾಲು. ಬಾಗಿಲು ಹಿಡ್ಕೊಂಡು ನಿಂತಳು. "ಯಾಕೆ?" ಅಂದೆ. "ಜೋಮು ಕಣೇ, ಕೂತು ಕೂತು" ಅಂದಳು. ಕೂತದ್ದು ಎಷ್ಟು ಹೊತ್ತು ಮಹಾ? ಅಲ್ಲೇ ಗೊತ್ತಾಯ್ತು ನನಗೆ. ನನಗೆ ಗೊತ್ತಾಯ್ತು ಅನ್ನೋದು ಅವಳಿಗೂ ಗೊತ್ತಾಯ್ತು. ಆದ್ರೂ ಅಂದಳು, "ನಿನ್ನ ಕಾಲೇ." ನಾನು ಪೊಟ್ಟಣ ಎತ್ಕೊಂಡು ಅಣ್ಣನ ಹತ್ರ ಓಡಿದೆ. ಆಮೇಲೆ ಎಷ್ಟು ವರ್ಷ, ಎಷ್ಟು ಜನಕ್ಕೆ, ಅವಳ ಎದುರಿಗೇ ಆ ಕಥೆ ಹೇಳಿದ್ದೀನಿ. ಪ್ರತಿ ಸಲ ಹೊಸದಾಗಿ ಕೇಳಿದ ಹಾಗೆ ತಲೆಯಾಡಿಸೋಳು, ಮಹರಾಯ್ತಿ.

ಈಗ ಹೇಳಿ, ಇಷ್ಟು ವರ್ಷ ಓಡಿಸಿದ್ದು ನಾನಾ, ಅವಳಾ? ಇವತ್ತು ನಿಮಗೋಸ್ಕರ ಒತ್ತಬೇಕು ಅಂತ ನಾನು ಅಂದ್ಕೊಳ್ಳಲೂ ಇಲ್ಲ, ಕಾಲು ತಾನೇ ಹೋಯ್ತು. ಅದು ನನ್ನ ಕಾಲಾ, ಅವಳದ್ದಾ? ಪುಸ್ತಕ ಬರೆದವನಿಗೆ ಗೊತ್ತಿತ್ತೋ ಇಲ್ವೋ. ಕಡಲೆಕಾಯಿ ತಿಂದವನಿಗೆ ಗೊತ್ತಿರಬೇಕು.

ಭಾವ, ನನ್ನ ಕಾಲು ಜೋಮು ಹಿಡೀತಿದೆ. ಅವಳ ಜೋಮಲ್ಲ, ನಿಜವಾದ ಜೋಮು. ನೀವು ಹೀಗೇ ನಿಂತ್ರೆ ತೀರ್ಪು ಕೆಳಗಿನ ಚರಂಡೀಲಿ ಆಗುತ್ತೆ. ಮಾರ್ತೀರೋ ಇಟ್ಕೋತೀರೋ ನಿಮ್ಮಿಷ್ಟ, ಈ ಸಲ ಪಕ್ಕದಿಂದ ಯಾರೂ ಒತ್ತಲ್ಲ… ಆ ಪೊಟ್ಟಣ ಯಾಕೆ ಜೇಬಿಗೆ ಹಾಕ್ಕೊಂಡ್ರಿ?

ಓ.

ಸರಿ. ದಲ್ಲಾಳಿಗೆ ಬೇಡ ಅಂತ ಆಮೇಲೆ ಹೇಳಿದ್ರಾಯ್ತು, ಕೂತ್ಕೊಳ್ಳಿ. ಮೊದಲು ಹ್ಯಾಂಡ್ ಬ್ರೇಕ್ ಎಳೀರಿ. ಗಟ್ಟಿಯಾಗಿ… ಹಾಂ.

ಅಷ್ಟು ವರ್ಷ ದುಡಿದು ಏನು ಗಂಟು ಮಾಡಿದೆ ಅಂತ ಅಣ್ಣ ಈಗ್ಲೂ ಕೇಳ್ತಾನೆ. ನನ್ನ ಹತ್ರ ಒಂದು ಕಾರಿದೆ, ನಿಮ್ಮದೇ ಆದ್ರೂ. ಒಂದು ಬೋರ್ಡಿದೆ, ನನ್ನ ಹೆಸರು ಮೇಲೆ, ಅವಳದ್ದು ಕೆಳಗೆ, ಹಾಗೇ ಬರೆಸು ಅಂದವಳೂ ಅವಳೇ. ಈ ಊರಿನ ಅರ್ಧಕ್ಕರ್ಧ ಡ್ರೈವರುಗಳು ನಾವು ಕಲಿಸಿದವರು. ಬೀರುವಿನಲ್ಲಿ ನಲುಗದ ಒಂದು ಬೆಂಕಿಪೊಟ್ಟಣ. ಇಷ್ಟಕ್ಕೂ ನಾನು ತೆತ್ತದ್ದು ಹೇಳದೇ ಉಳಿದ ಒಂದೇ ಮಾತು, "ನನ್ನದಲ್ಲ ಕಣೇ, ನಿನ್ನ ಕಾಲು" ಅಂತ. ಅವಳಿಗೆ ಹೇಳಬೇಕಿದ್ದ ಮಾತು. ಎಷ್ಟೋ ಸಲ ಬಾಯಿವರೆಗೆ ಬಂತು. ಅಷ್ಟೂ ಸಲ ಬ್ರೇಕು ಒತ್ತಿದವಳು ಮಾತ್ರ ನಾನೇ.