ಗೊತ್ತಾತು ಸಾಹುಕಾರನ ಮನೆಯ ನೆಟ್

ಕುಳಿತುಕೊಳ್ಳಿ ತಾಯಂದಿರೇ, ಕುಳಿತುಕೊಳ್ಳಿ ಅಣ್ಣಂದಿರೇ. ಕಂಬಕ್ಕೆ ಒರಗಿರುವ ತಮ್ಮಾ, ಆ ಫೋನನ್ನು ಎಷ್ಟು ಮೇಲೆತ್ತಿ ಹಿಡಿದರೂ ಈ ಮಠದೊಳಗೆ ಸಿಗ್ನಲ್ ಬರುವುದಿಲ್ಲ. ನಾನೂ ನೋಡಿದ್ದೇನೆ. ಜೇಬಿಗೆ ಹಾಕಿಕೋ. ತಾಳ್ಮೆಯ ಮಾತು ನಡೆದಿತ್ತಲ್ಲ, ಅದಕ್ಕೊಂದು ದೃಷ್ಟಾಂತ ಹೇಳುತ್ತೇನೆ.

ಯಾವ ಊರೆಂದು ಕೇಳಬೇಡಿ, ಹಳ್ಳದ ದಂಡೆಯ ಒಂದೂರು. ಅಲ್ಲಿ ಒಬ್ಬ ಸಾಹುಕಾರನಿದ್ದ. ನಿಂಬೆಹಣ್ಣಿನ ವ್ಯಾಪಾರ, ಕೈತುಂಬ ಲಾಭ, ಮನೆತುಂಬ ಮಂದಿ. ಕೆಟ್ಟವನೇ? ಅಲ್ಲ. ಕುಡಿತ ಇಲ್ಲ, ಜೂಜು ಇಲ್ಲ, ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿದವನಲ್ಲ. ಹಾಗಾದರೆ ಕೊರತೆ ಏನು? ನೋಡಿ, ಅವನಿಗೆ ಇನ್ನೊಬ್ಬರ ಮಾತು ಮುಗಿಯುವ ತನಕ ಕಾಯಲು ಬರುತ್ತಿರಲಿಲ್ಲ. ನೀವು ಬಾಯಿ ತೆರೆದಿರೋ ಇಲ್ಲವೋ, ಅವನು ಕೈ ಎತ್ತಿ ‘ಗೊತ್ತಾತು, ಗೊತ್ತಾತು’ ಎನ್ನುತ್ತಿದ್ದ. ಆಳು ಬಂದು ‘ಸಾಹುಕಾರ್ರ, ತೋಟದಾಗ’ ಎಂದರೆ ‘ಗೊತ್ತಾತು, ಮೋಟರ್ ಸುಟ್ಟೈತಿ’ ಎನ್ನುತ್ತಿದ್ದ. ಮೋಟರ್ ಸುಟ್ಟಿರುತ್ತಿರಲಿಲ್ಲ, ತೋಟಕ್ಕೆ ಎಮ್ಮೆ ನುಗ್ಗಿರುತ್ತಿತ್ತು. ಅವನು ಮೋಟರ್ ರಿಪೇರಿಯವನನ್ನು ಕರೆಸುವಷ್ಟರಲ್ಲಿ ಎಮ್ಮೆ ಹೊಟ್ಟೆ ತುಂಬಿಸಿಕೊಂಡು ಮನೆ ಸೇರಿರುತ್ತಿತ್ತು. ಊರವರು ಹಿಂದಿನಿಂದ ಅವನಿಗೆ ಗೊತ್ತಾತು ಸಾಹುಕಾರ ಎಂದೇ ಹೆಸರಿಟ್ಟಿದ್ದರು. ನಗುತ್ತೀರಿ. ನಗಿ, ನಗಿ. ನಿಮ್ಮ ಸರದಿ ಆಮೇಲೆ ಬರುತ್ತದೆ.

ಈ ಸಾಹುಕಾರನಿಗೆ ಒಬ್ಬ ಅಣ್ಣ ಇದ್ದ. ಅವನು ತೀರಿಕೊಂಡು ಬಹಳ ಕಾಲವಾಗಿತ್ತು. ಮದುವೆ ಮಾಡಿಕೊಂಡಿರಲಿಲ್ಲ, ತಮ್ಮನ ಮನೆಯಲ್ಲೇ ಇರುತ್ತಿದ್ದ. ಬಲು ಮೆತ್ತಗಿನ ಮನುಷ್ಯ. ಆದರೆ ಮಾತು ತೊದಲುತ್ತಿತ್ತು, ಒಂದೊಂದು ಶಬ್ದಕ್ಕೂ ಗಂಟಲು ಹಿಡಿಯುತ್ತಿತ್ತು. ತಮ್ಮ ತೋಟದಿಂದ ಬಂದು ಕಟ್ಟೆಯ ಮೇಲೆ ಕೂತರೆ ಅಣ್ಣ ಹತ್ತಿರ ಬಂದು ‘ನೀ... ನೀ...’ ಎನ್ನುತ್ತಿದ್ದ. ತಮ್ಮ ತಟ್ಟನೆ ಎದ್ದು, ‘ಗೊತ್ತಾತು ಅಣ್ಣಾ, ನೀರು’ ಎಂದು ತಂಬಿಗೆ ತಂದು ಕೈಗೆ ಕೊಡುತ್ತಿದ್ದ. ಅಣ್ಣ ಅದನ್ನು ಕುಡಿದು ಸುಮ್ಮನಾಗುತ್ತಿದ್ದ. ಅಣ್ಣನ ಸೇವೆ ಮಾಡಿದೆ ಎಂದು ತಮ್ಮನಿಗೆ ತೃಪ್ತಿ. ಈ ಮಾತನ್ನು ಸೆರಗಿನಲ್ಲಿ ಗಂಟು ಹಾಕಿ ಇಟ್ಟುಕೊಳ್ಳಿ ತಾಯಂದಿರೇ, ಆಮೇಲೆ ಬಿಚ್ಚೋಣ.

ಸಾಹುಕಾರನಿಗೆ ಒಬ್ಬ ಮಗ, ಒಬ್ಬಳು ಮಗಳು. ಮಗಳನ್ನು ಮಿಲಿಟರಿಯವನಿಗೆ ಕೊಟ್ಟಿದ್ದ. ಗಂಡನಿಗೆ ಡ್ಯೂಟಿ ದೂರದ ಅಸ್ಸಾಮಿನ ಕಡೆ, ಮಗಳೂ ಅಲ್ಲಿಯೇ. ಊರು ತಗ್ಗಿನಲ್ಲಿತ್ತು, ಮೊಬೈಲ್ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ಮಗಳ ಮುಖ ಮನೆಯಲ್ಲೇ ಕಾಣಲಿ ಎಂದು ಸಾಹುಕಾರ ತಾಲ್ಲೂಕಿನಿಂದ ಬ್ರಾಡ್‌ಬ್ಯಾಂಡ್ ತಂತಿ ಎಳೆಸಿದ. ಕರೆಂಟು ಕಂಬದಿಂದ ಕಂಬಕ್ಕೆ ಜೋತಾಡುತ್ತ ಆ ತಂತಿ ಊರಿಗೆ ಬಂತು. ದೀಪ ಮಿಣುಕುವ ಡಬ್ಬಿಗೆ ಸಾಹುಕಾರ ತಾನೇ ಕುಂಕುಮ ಹಚ್ಚಿ, ಕಾಯಿ ಒಡೆದು, ಪಡಸಾಲೆಯ ಗೂಡಿನಲ್ಲಿ ಇಟ್ಟ.

ತಂತಿ ಬಂತು, ವೇಗ ಬಂತೇ? ಎಲ್ಲಿಂದ ಬರಬೇಕು! ಹಾದಿಯುದ್ದಕ್ಕೂ ಮಂಗಗಳು ಅದರ ಮೇಲೆ ಉಯ್ಯಾಲೆ ಆಡುತ್ತವೆ, ಜೋಳದ ಕಣಿಕೆ ಹೇರಿದ ಟ್ರ್ಯಾಕ್ಟರು ಅದನ್ನು ಎಳೆದುಕೊಂಡೇ ಹೋಗುತ್ತದೆ, ಮತ್ತೆ ಗಂಟು ಹಾಕುತ್ತಾರೆ. ಫೋನಿನಲ್ಲಿ ಮಗಳ ಮುಖ ಅರ್ಧ ಮೂಡಿ ನಿಂತುಬಿಡುತ್ತಿತ್ತು. ಅದರ ನಡುವೆ ಒಂದು ಚಕ್ರ ಸುತ್ತುತ್ತಿತ್ತು. ನಿಮಗೆಲ್ಲ ಗೊತ್ತಲ್ಲ ಆ ಚಕ್ರ? ಸಾಹುಕಾರ ಅದಕ್ಕೆ ಬೈದ, ಡಬ್ಬಿಗೆ ಬಡಿದ, ದೊಡ್ಡ ಪ್ಲ್ಯಾನ್ ಹಾಕಿಸಿದ. ಅವನು ಕೂಗಿದರೆ ಸಂತೆಯಲ್ಲಿ ಲಾರಿಗಳು ಹಿಂದೆ ಸರಿಯುತ್ತಿದ್ದವು, ಆ ಚಕ್ರ ಮಾತ್ರ ತನ್ನ ಪಾಡಿಗೆ ತಾನು ಸುತ್ತುತ್ತಿತ್ತು.

ಈಗ ಕೇಳಿ. ನಿಧಾನದ ನೆಟ್ಟಿಗೆ ಒಂದು ಗುಣ ಇದೆ. ಅಲ್ಲಿ ಆಡಿದ ಮಾತು ಇಲ್ಲಿಗೆ ಬಂದು ಮುಟ್ಟಲು ಹೊತ್ತು ಹಿಡಿಯುತ್ತದೆ. ಒಬ್ಬರು ಆಡಬೇಕು, ನಿಲ್ಲಬೇಕು, ಕಾಯಬೇಕು. ಕಾಯದೆ ಬಾಯಿ ಹಾಕಿದರೆ ಎರಡೂ ಮಾತು ನಡುಹಾದಿಯಲ್ಲಿ ಡಿಕ್ಕಿ ಹೊಡೆದು ಎರಡೂ ಬೀಳುತ್ತವೆ. ಮಗಳು ‘ಅಪ್ಪಾ’ ಎಂದರೆ ಇವನು ‘ಗೊತ್ತಾತು’ ಎನ್ನುತ್ತಿದ್ದ. ಅವಳು ನಿಲ್ಲಿಸುತ್ತಿದ್ದಳು, ಇವನೂ ನಿಲ್ಲಿಸುತ್ತಿದ್ದ. ಮತ್ತೆ ಇಬ್ಬರೂ ಒಮ್ಮೆಲೇ ಸುರು ಮಾಡುತ್ತಿದ್ದರು. ಕೊನೆಗೆ ಸಿಟ್ಟು ಬಂದು ಫೋನನ್ನು ಹೆಂಡತಿಯ ಕೈಗೆ ತುರುಕಿ ಎದ್ದು ಹೋಗುತ್ತಿದ್ದ.

ಹೆಂಡತಿ ಏನು ಮಾಡುತ್ತಿದ್ದಳು? ಮೆಂತ್ಯೆ ಸೊಪ್ಪಿನ ಬುಟ್ಟಿ ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದಳು. ಒಂದು ಮಾತು ಆಡುವುದು, ನಾಲ್ಕು ದಂಟು ಬಿಡಿಸುವುದು. ಅಷ್ಟರಲ್ಲಿ ಮಗಳ ಉತ್ತರ ಬಂದಿರುತ್ತಿತ್ತು. ಸೊಪ್ಪು ಮುಗಿಯುವ ತನಕ ತಾಯಿ ಮಗಳು ಹರಟೆ ಹೊಡೆಯುತ್ತಿದ್ದರು, ನಗುತ್ತಿದ್ದರು. ಸಾಹುಕಾರ ಹೊರಗೆ ಕಟ್ಟೆಯ ಮೇಲೆ ಕೂತು ಆ ನಗು ಕೇಳುತ್ತಿದ್ದ. ಅದೇ ತಂತಿ, ಅದೇ ಡಬ್ಬಿ, ಅದೇ ಮಗಳು. ಹೆಂಡತಿಗೆ ಸಿಗುವ ಮಾತು ತನಗೇಕೆ ಸಿಗುವುದಿಲ್ಲ ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದ.

ಹೀಗಿರುವಾಗ ಮನೆಯಲ್ಲಿ ಮಗನಿಗೆ ಗಂಡು ಕೂಸು ಹುಟ್ಟಿತು. ನಮ್ಮ ಕಡೆ ತೊಟ್ಟಿಲ ಕಾರ್ಯ ಹೇಗೆ ಎಂದು ತಾಯಂದಿರಿಗೆ ನಾನು ಹೇಳಬೇಕೆ? ಸೋದರತ್ತೆ ಬರಬೇಕು, ಕೂಸಿನ ಕಿವಿಯ ಹತ್ತಿರ ಬಾಗಿ ‘ಕುರ್ರ್’ ಅನ್ನಬೇಕು, ಹೆಸರು ಹೇಳಬೇಕು. ಹೇಳಿದ್ದೇ ತಡ, ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಬೇಕು. ಹೆಸರು ಯಾವುದು ಎಂದು ಮೊದಲೇ ಕೇಳುವಂತಿಲ್ಲ, ಅವಳ ಬಾಯಿಂದಲೇ ಬರಬೇಕು. ಅದು ಆ ಮನೆಯ ಪದ್ಧತಿ. ಸೋದರತ್ತೆ ಎಂದರೆ ಆ ದೂರದ ಮಗಳು. ಅವಳೋ ತುಂಬು ಬಸುರಿ, ಪ್ರಯಾಣ ಬೇಡ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಫೋನಿನಲ್ಲೇ ಹೆಸರು ಹೇಳುತ್ತೇನೆ ಎಂದಳು. ಆ ಒಂದು ದಿನವಾದರೂ ಮಗಳ ಮಾತು ತನ್ನ ಮನೆಯಲ್ಲಿ ಸರಿಯಾಗಿ ಕೇಳಲಿ, ಸಾಹುಕಾರನಿಗೆ ಬೇರೇನೂ ಬೇಕಿರಲಿಲ್ಲ. ಅಲ್ಲ, ಇನ್ನೊಂದು ಬೇಕಿತ್ತು. ಕೂಸಿಗೆ ತನ್ನ ಅಪ್ಪ ಬಸವಂತರಾಯನ ಹೆಸರು ಬರಲಿ ಎಂಬ ಆಸೆ ಒಳಗೆ ಇತ್ತು.

ಆ ದಿನ ಮನೆ ತುಂಬ ಜನ, ಮನೆ ತುಂಬ ಗದ್ದಲ. ಬಂದವರು ಮೊದಲು ಕೂಸಿನ ಮುಖ ನೋಡಿದರೇ? ಇಲ್ಲ. ‘ನೆಟ್ಟಿನ ಪಾಸ್‌ವರ್ಡ್ ಏನ್ರಿ’ ಎಂದು ಕೇಳುತ್ತಲೇ ಹೊಸ್ತಿಲು ದಾಟಿದರು. ಸಾಹುಕಾರನ ಹೆಂಡತಿ ಫೋನನ್ನು ತೊಟ್ಟಿಲೊಳಗೆ ಕೂಸಿನ ಕಿವಿಗೆ ಹಿಡಿದಳು. ಮಗಳ ಮುಖ ಮೂಡಿತು. ಅವಳ ದನಿ ಬಂತು, ‘ಬಸ್...’ ಎಂದಿತು, ನಿಂತಿತು. ಚಕ್ರ ಸುತ್ತತೊಡಗಿತು.

ಸಾಹುಕಾರ ಕಾದನೇ? ‘ಗೊತ್ತಾತು! ಬಸವಂತ! ಬಸವಂತರಾಯ!’ ಎಂದು ಕೂಗಿಯೇ ಬಿಟ್ಟ. ಹೆಂಗಸರು ಬಿಡುತ್ತಾರೆಯೇ? ಸೋದರತ್ತೆ ಇಲ್ಲದಿದ್ದರೇನು, ಫೋನು ಹಿಡಿದವಳ ಬೆನ್ನಿಗೇ ದಬದಬ ಗುದ್ದಿದರು. ಆ ಗದ್ದಲದಲ್ಲಿ ಒಬ್ಬ ಮುದುಕಿಯ ಗುದ್ದು ಸಾಹುಕಾರನ ಬೆನ್ನಿಗೂ ಬಿತ್ತು. ಬೇಯಿಸಿದ ಕಾಳಿನ ಗುಗ್ಗರಿ ಹಂಚಲು ಸುರುವಾಯಿತು.

ಆಗ ತೊಟ್ಟಿಲೊಳಗಿಂದ ಮಗಳ ದನಿ ಬಂತು. ‘ಬಸ್, ಬಸ್, ಗದ್ಲ ನಿಲ್ಲಸ್ರಿ ಎಲ್ಲಾರೂ. ನಾ ಇನ್ನ ಹೆಸರು ಹೇಳೂದೈತಿ.’

ತಿಳಿಯಿತೇ? ಅವಳು ಅಂದದ್ದು ಬಸವಂತ ಅಲ್ಲ. ಬಸ್, ಸಾಕು ಮಾಡಿ, ಸುಮ್ಮನಿರಿ ಎಂದದ್ದು! ಗುಗ್ಗರಿ ಬಾಯಿಗೆ ಹಾಕಿಕೊಂಡವರು ಅಗಿಯುವುದನ್ನು ಬಿಟ್ಟು ನಿಂತರು. ಆಮೇಲೆ ಮನೆಯೆಲ್ಲ ನಕ್ಕಿತು. ಅಷ್ಟರಲ್ಲಿ ಮಗಳ ಮುಖ ಮತ್ತೆ ನಿಂತುಬಿಟ್ಟಿತು, ಚಕ್ರ ಸುತ್ತತೊಡಗಿತು.

‘ಹೋಗ್ಲಿ ಬಿಡ್ರಿ, ಹಿರಿಯರ ಹೆಸರ ಬಂತಲ್ಲ. ಕಿವ್ಯಾಗ ಬಿದ್ದ ಹೆಸರ ಬಿತ್ತು’ ಎಂದಳು ಗುದ್ದಿದ ಮುದುಕಿ. ಸಾಹುಕಾರನಿಗೂ ಹೌದೆನ್ನಿಸಿತು. ಬೇಕಾದ ಹೆಸರು ತಾನಾಗಿ ಕೈಗೆ ಬಂದಿದೆ, ಯಾರು ಬೇಡ ಎನ್ನುತ್ತಾರೆ? ಆದರೆ ಹೆಂಡತಿ ಎದ್ದಿರಲಿಲ್ಲ. ಬೆನ್ನಿಗೆ ಅಷ್ಟು ಗುದ್ದು ತಿಂದವಳು ಫೋನನ್ನು ಕೂಸಿನ ಕಿವಿಗೆ ಹಿಡಿದುಕೊಂಡೇ ಕೂತಿದ್ದಳು.

‘ಆಕಿ ಇನ್ನ ಹೇಳಿಲ್ಲ’ ಎಂದಳು. ಅಷ್ಟೇ.

ಸಾಹುಕಾರ ಅವಳನ್ನು ನೋಡಿದ. ಆಮೇಲೆ ತಿರುಗಿ, ‘ಎಲ್ಲಾರೂ ನಿಮ್ಮ ಫೋನಿನ ನೆಟ್ ಬಂದ್ ಮಾಡ್ರಿ. ನನ್ನ ಮಗಳ ಮಾತು ಬರೂದೈತಿ. ಕಾಯೂಣು’ ಎಂದ. ಕಾಯೂಣು ಎಂಬ ಮಾತು ಆ ಬಾಯಿಂದ ಬಂದದ್ದು ಅದೇ ಮೊದಲು. ಜನ ಗಾಬರಿಯಾಗಿ ಬಂದ್ ಮಾಡಿದರು.

ಎಲ್ಲರೂ ನೆಲದ ಮೇಲೆ ಕೂತರು. ಚಕ್ರ ಸುತ್ತುತ್ತಿತ್ತು. ಸಾಹುಕಾರ ಹೆಂಡತಿಯ ಪಕ್ಕದಲ್ಲೇ ಕೂತ. ಸುಮ್ಮನೆ ಕೂತು ರೂಢಿಯಿಲ್ಲ, ಮೊಣಕಾಲು ಅಲ್ಲಾಡಿಸುತ್ತಿದ್ದ. ಆಗ ಹೆಂಡತಿ ಮೆಲ್ಲಗೆ ಬಾಯಿ ತೆರೆದಳು.

‘ಭಾವಾರು ನಿಮ್ಮನ್ನ ದಿನಾ ಏನು ಕೇಳ್ತಿದ್ರು, ನೆನಪೈತಿ?’

‘ಗೊತ್...’ ಎಂದವನು ತುಟಿ ಕಚ್ಚಿ ತಡೆದುಕೊಂಡ. ‘ನೀರು ಕೇಳ್ತಿದ್ದ. ಯಾಕ?’

‘ನೀರಲ್ರಿ. ನೀ ಉಂಡಿ? ಅಂತ ಕೇಳ್ತಿದ್ರು. ತೋಟದಿಂದ ದಣದು ಬಂದಾನ, ಉಂಡಾನೋ ಇಲ್ಲೋ ಅಂತ. ನೀ ಅನ್ನೂದ್ರಾಗ ನೀವು ತಂಬಗಿ ತಂದು ಕೊಡ್ತಿದ್ರಿ. ತಮ್ಮ ತಂದಾನಲ್ಲ ಅಂತ ಕುಡೀತಿದ್ರು. ನಮ್ಮ ಮಗಳು ಸಣ್ಣಾಕಿದ್ದಾಗ ಅವರ ತೊಡಿ ಮ್ಯಾಲ ಕುಂತು ಪೂರಾ ಕೇಳ್ತಿದ್ಲು. ಆಕಿಗೆ ಗೊತ್ತಿತ್ತು.’

‘ಇಷ್ಟ ದಿನ ನೀ ಯಾಕ ಹೇಳ್ಲಿಲ್ಲ?’

‘ಯಾವಾಗ ಹೇಳ್ಲಿರಿ? ಭಾವಾರು ಅಂತ ಸುರು ಮಾಡಿದ್ರ ಗೊತ್ತಾತು ಅಂತಿದ್ರಿ.’

ಸೆರಗಿನ ಗಂಟು ಬಿಚ್ಚಿತೇ ತಾಯಂದಿರೇ? ಇಷ್ಟು ದೊಡ್ಡ ಸಾಹುಕಾರ, ಆ ಜನರ ನಡುವೆ ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡ. ತಾನು ಕೊಟ್ಟದ್ದು ನೀರು ನಿಜ, ಆದರೆ ಅಣ್ಣನ ಅಕ್ಕರೆಯನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿದ್ದೆ ಎಂದು ಅವನಿಗೆ ಆಗ ತಿಳಿಯಿತು.

ಅಷ್ಟರಲ್ಲಿ ಚಕ್ರ ನಿಂತಿತು. ಮಗಳ ಮುಖ ಮೂಡಿತು. ‘ಕುರ್ರ್...’ ಎಂದಳು. ಹೆಂಗಸರು ಮುಷ್ಟಿ ಎತ್ತಿದರು. ‘ಗು...’ ಎಂದಿತು ದನಿ, ನಿಂತಿತು. ‘ಗು... ಗು...’ ಎಂದಿತು, ಮತ್ತೆ ನಿಂತಿತು. ಸಾಹುಕಾರ ಕೈಯೆತ್ತಿ ಎಲ್ಲರನ್ನೂ ತಡೆದ. ಅವನಿಗೆ ಆಗಲೇ ತಿಳಿದುಹೋಗಿತ್ತು. ನೋಡಿ, ಜನ್ಮದಲ್ಲಿ ಮೊದಲ ಸಲ ಅವನಿಗೆ ನಿಜವಾಗಿಯೂ ಗೊತ್ತಾಗಿತ್ತು, ಆದರೂ ಅವನು ಗೊತ್ತಾತು ಎನ್ನಲಿಲ್ಲ. ಯಾಕೆಂದರೆ ಅವನ ಅಣ್ಣ ತನ್ನ ಹೆಸರನ್ನು ಹೀಗೆಯೇ ಹೇಳುತ್ತಿದ್ದ. ‘ಗುರು...’ ಎಂದಿತು ದನಿ. ಹೆಂಗಸರ ಮುಷ್ಟಿಗಳು ಗಾಳಿಯಲ್ಲೇ ಇದ್ದವು. ‘ಗುರುಪಾ... ಗುರುಪಾದ.’

ಆಗ ಬಿದ್ದವು ನೋಡಿ ಗುದ್ದುಗಳು! ಪಾಪ, ಅದೇ ಬೆನ್ನಿಗೆ. ಆಕೆ ನಗುತ್ತ ನಗುತ್ತ ತಿಂದಳು.

ಸಾಹುಕಾರ ಫೋನನ್ನು ಕೈಗೆ ತೆಗೆದುಕೊಂಡ. ‘ಹೇಳವ್ವ, ಕೇಳಾಕ ಹತ್ತೀನಿ’ ಎಂದು ಸುಮ್ಮನೆ ಕೂತ. ಚಕ್ರ ಸುತ್ತಿತು. ಅವನು ಗೋಡೆಯ ಬದಿಗಿದ್ದ ಹೆಂಡತಿಯ ಮೆಂತ್ಯೆ ಸೊಪ್ಪಿನ ಬುಟ್ಟಿಯನ್ನು ಹತ್ತಿರ ಎಳೆದುಕೊಂಡು ದಂಟು ಬಿಡಿಸತೊಡಗಿದ. ಅಷ್ಟು ದೂರದಿಂದ ದನಿ ಬಂತು. ‘ಅಪ್ಪಾ, ನೀ... ನೀ...’

ಅವನು ಏಳಲಿಲ್ಲ. ಬಾಯಿ ಹಾಕಲಿಲ್ಲ.

‘ನೀ ಉಂಡಿ?’

‘ಇನ್ನಾ ಇಲ್ಲವ್ವ’ ಎಂದ. ಆ ಮಾತು ಅವಳಿಗೆ ಮುಟ್ಟುವ ತನಕ ಕಾದು, ಅವಳು ನಕ್ಕದ್ದನ್ನು ನೋಡಿ, ‘ಈಗ ಉಣ್ತೀನಿ’ ಎಂದ.

ಆ ಮನೆಯ ನೆಟ್ ಇವತ್ತಿಗೂ ನಿಧಾನವೇ. ಮಂಗಗಳೂ ಹಾಗೆಯೇ ಇವೆ, ಟ್ರ್ಯಾಕ್ಟರೂ ಹಾಗೆಯೇ ಇದೆ. ಸಾಹುಕಾರ ದೂರು ಹೇಳುವುದನ್ನು ಬಿಟ್ಟಿದ್ದಾನೆ. ಮಗಳ ಫೋನು ಬಂದರೆ ಅವನೇ ಸೊಪ್ಪು ಬಿಡಿಸುತ್ತಾನೆ, ಸುಖವಾಗಿದ್ದಾನೆ.

ಕಥೆ ಮುಗಿಯಿತು. ಈಗ ನಿಮ್ಮ ಸರದಿ. ಸಾಹುಕಾರನನ್ನು ನೋಡಿ ನಕ್ಕಿರಲ್ಲ, ನಮ್ಮ ಮನೆಗಳಲ್ಲಿ ಗೊತ್ತಾತು ಎನ್ನುವವರು ಯಾರು? ಮುದುಕಿ ತಾಯಿ ‘ಮೊಣಕಾಲು’ ಎಂದ ಕೂಡಲೆ ‘ಗೊತ್ತಾತು, ಗುಳಿಗಿ ತರ್ತೀನಿ’ ಎಂದು ಗಾಡಿ ಹತ್ತುವವರು ಯಾರು? ಅವಳಿಗೆ ಗುಳಿಗೆ ಬೇಕಿತ್ತೋ, ಪಕ್ಕದಲ್ಲಿ ಕೂರುವವರು ಬೇಕಿತ್ತೋ? ಮಗು ಶಾಲೆಯಿಂದ ಬಂದು ‘ಮತ್ತ... ಮತ್ತ...’ ಎನ್ನುವಾಗ ಟಿವಿಯ ಕಡೆ ಕತ್ತು ತಿರುಗಿಸುವವರು ಯಾರು? ಹೆಂಡತಿ ಉಪ್ಪಿನ ಮಾತು ತೆಗೆದರೆ ಸಕ್ಕರೆ ತಂದು ಇಟ್ಟು, ಎಷ್ಟು ಮಾಡಿದರೂ ಸಾಲದು ಎಂದು ಗೊಣಗುವವರು ಯಾರು? ದೇವರ ಮುಂದೆ ಕೂಡ ಅಷ್ಟೇ. ಬೇಡುವುದನ್ನೆಲ್ಲ ಬೇಡಿ, ಅವನು ಏನಾದರೂ ಹೇಳುವ ಮೊದಲೇ ಗಂಟೆ ಬಾರಿಸಿ ಎದ್ದುಬಿಡುತ್ತೇವೆ.

ಇವತ್ತು ಮನೆಯಲ್ಲಿ ಚಕ್ರ ಸುತ್ತತೊಡಗಿದರೆ ಡಬ್ಬಿಗೆ ಬೈಯಬೇಡಿ. ಫೋನನ್ನು ಕೆಳಗಿಡಿ, ಪಕ್ಕದಲ್ಲಿ ಕೂತವರ ಕಡೆ ತಿರುಗಿ. ಅವರ ಮಾತು ಎಷ್ಟೋ ವರ್ಷದಿಂದ ಹಾದಿಯಲ್ಲೇ ನಿಂತಿರಬಹುದು. ಪೂರಾ ಬರುವ ತನಕ ಬಾಯಿ ಹಾಕಬೇಡಿ.

ಅಲ್ಲಿ ಬಾಗಿಲ ಹತ್ತಿರ ಆಗಲೇ ಚಪ್ಪಲಿ ಹುಡುಕುತ್ತಿದ್ದೀರಿ, ‘ಗೊತ್ತಾತು ಸ್ವಾಮ್ಯಾರ’ ಎಂದುಕೊಂಡು. ಇನ್ನೊಂದೇ ಮಾತು ಇದೆ, ಅದನ್ನೂ ಪೂರಾ ಕೇಳಿಕೊಂಡು ಹೋಗಿ. ಮನೆಯಲ್ಲಿ ಯಾರಾದರೂ ನಿಮ್ಮ ಹತ್ತಿರ ಬಂದು ‘ನೀ...’ ಎಂದರೆ ನೀರು ತರಲು ಓಡಬೇಡಿ. ಕೂತು ಕೇಳಿ.