ಸಿಸ್ಟರ್ ಎತ್ತಿಟ್ಟ ಹಸಿರು ಬಳೆ

ಬಹಳ ಹಿಂದೇನಲ್ಲ, ನಿನ್ನೆ ಮೊನ್ನೆಯದೂ ಅಲ್ಲ. ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಅಕ್ಕಿ ಗಿರಣಿ, ಕಲ್ಯಾಣ ಮಂಟಪ, ಹೋದಲ್ಲೆಲ್ಲ ಜನ ಎದ್ದು ನಿಲ್ಲುವಂಥ ಹೆಸರು. ಅವನ ಹೆಂಡತಿ, ಹೆತ್ತ ಕೂಸನ್ನು ಕಳಕೊಂಡ ಮೇಲೆ, ಅನ್ನ ಬಿಟ್ಟಳು, ನಿದ್ದೆ ಬಿಟ್ಟಳು, ಕೊನೆಗೆ ಮಾತನ್ನೂ ಬಿಟ್ಟಳು. ದೂರದೂರಿನ ಮಾನಸಿಕ ಆಸ್ಪತ್ರೆಗೆ ಸೇರಿಸಿ, ಸ್ಪೆಷಲ್ ರೂಮು ಹಿಡಿದು, ಊರವರಿಗೆ "ತವರಿಗೆ ಹೋಗಿದ್ದಾಳೆ" ಅಂದುಬಿಟ್ಟ. ನೋಡಿ, ಕಾಲು ಮುರಿದಿದ್ದರೆ ಹೀಗೆ ಹೇಳುತ್ತಿದ್ದನೆ?

ಆ ಆಸ್ಪತ್ರೆಯಲ್ಲೊಂದು ಕಟ್ಟಳೆ. ಗಾಜಿನದೇನೂ ಒಳಗೆ ಬಿಡುವ ಹಾಗಿಲ್ಲ. ನೊಂದ ಜೀವ ತನಗೇ ಗಾಯ ಮಾಡಿಕೊಂಡೀತು ಅಂತ. ಗಂಡ ಗೇಟು ದಾಟಿದ್ದೇ ತಡ, ಸಿಸ್ಟರ್ ಬಂದು, ಸೋಪು ಹಚ್ಚಿ, ಆಕೆಯ ಹಸಿರು ಬಳೆಗಳನ್ನು ಒಂದೊಂದಾಗಿ ತೆಗೆದಳು. ದಿನಾ ಮಾಡುವ ಕೆಲಸ. ಯಾಕೆ ಅಂತ ಹೇಳಲಿಲ್ಲ.

ಗಂಡ ಎದುರಿಗಿಲ್ಲ. ಯಾರೋ ಬಂದು ಬಳೆ ತೆಗೆದರು. ನೀವೇ ಹೇಳಿ ತಾಯಂದಿರೇ, ಆಕೆ ಏನಂದುಕೊಂಡಾಳು?

ಅದನ್ನೇ ಅಂದುಕೊಂಡಳು. ಗೋಡೆ ಕಡೆ ಮುಖ ಮಾಡಿ ಮಲಗಿದಳು, ಬರಿಗೈ ಸವರುತ್ತ. ಗಂಡ ಬರಲಿಲ್ಲ, ಕಾರಿನಲ್ಲಿ ಹಣ್ಣಿನ ಬುಟ್ಟಿ ಬಂತು. ತಿಥಿಯ ಹಣ್ಣು ಅಂದುಕೊಂಡು ಮುಟ್ಟಲಿಲ್ಲ. ಅಷ್ಟು ದೊಡ್ಡ ರೂಮಿನಲ್ಲಿ ಆಕೆಯ ಜೊತೆಗಿದ್ದದ್ದು ಫ್ಯಾನಿನ ಸದ್ದು ಮಾತ್ರ.

ಸಿಸ್ಟರ್ ಮಾತ್ರೆ ನುಂಗಿಸಿ, ಸ್ಟೂಲು ಎಳಕೊಂಡು, ದಿನಾ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಿದ್ದಳು.

"ಏನೇ, ಗೋಡೆ ಜೊತೆ ಹರಟೆನಾ?" ಅಂತ ಜೊತೆಯ ಸಿಸ್ಟರೊಬ್ಬಳು ನಕ್ಕಳು.

"ಹರಟೆಯಲ್ಲ ಕಣೇ. ಕಾಯ್ತಿದ್ದೀನಿ."

ಒಂದು ಸಂಜೆ ಗೋಡೆ ಕಡೆಯಿಂದ ದನಿ ಬಂತು. "ಸಿಸ್ಟರ್, ಹೋಗುವಾಗ ಅವರು ತುಂಬಾ ನರಳಿದ್ರಾ?"

"ಯಾರಮ್ಮ?"

"ನಮ್ಮೆಜಮಾನ್ರು."

ಸಿಸ್ಟರ್ ಕಣ್ಣು ಆ ಬರಿಗೈ ಮೇಲೆ ಬಿತ್ತು. "ಅಯ್ಯೋ ನಮ್ಮಮ್ಮ! ಅವರು ಗುಂಡುಕಲ್ಲಿನ ಹಾಗಿದ್ದಾರೆ. ಬಳೆ ತೆಗೆಯೋದು ಇಲ್ಲಿನ ರೂಲ್ಸು. ಹೇಳದೆ ತೆಗೆದೆನಲ್ಲ, ಅದು ನನ್ನ ತಪ್ಪು."

"ಇದ್ದಿದ್ರೆ ಬರ್ತಿರಲಿಲ್ವಾ?"

ಇದಕ್ಕೆ ಯಾವ ಡಾಕ್ಟರ ಹತ್ತಿರ ಮಾತ್ರೆಯಿದೆ, ಹೇಳಿ? "ಕರೆಸ್ತೀನಿ ಕಣಮ್ಮ," ಅಂದಳು ಸಿಸ್ಟರ್. "ಅವರ ಕೈಯಿಂದಲೇ ಬಳೆ ತೊಡಿಸ್ತೀನಿ. ಮಾತು ಕೊಟ್ಟೆ."

ಫೋನು ಮಾಡಿದಳು. "ಇನ್ನೂ ಒಳ್ಳೇ ರೂಮಿಗೆ ಹಾಕಿ ಸಿಸ್ಟರ್, ಖರ್ಚಿನ ಯೋಚನೆ ಬೇಡ," ಅಂದ ಶ್ರೀಮಂತ.

"ರೂಮು ಬೇಡ ಸ್ವಾಮಿ. ನೀವು ಸತ್ತಿಲ್ಲ ಅಂತ ಒಂದ್ಸಲ ಬಂದು ತೋರಿಸಿ."

ಬಂದ. ಸಿಸ್ಟರ್ ಡಾಕ್ಟರನ್ನು ಕೇಳಿ, ಎತ್ತಿಟ್ಟ ಬಳೆ ತಂದು ಮಂಚದ ಪಕ್ಕ ನಿಂತಳು. "ಅಮ್ಮಾ, ಇವರು ಹೊರಟ ಮೇಲೆ ಮತ್ತೆ ತೆಗೆದಿಡ್ತೀನಿ. ಈ ಸಲ ಹೇಳಿಯೇ ತೆಗೀತೀನಿ, ಆಯ್ತಾ?" ಆಕೆ ಗೋಡೆ ಬಿಟ್ಟು ಇತ್ತ ತಿರುಗಿದಳು. ಬಾಗಿಲಲ್ಲಿ ಗಂಡ! ಕೈ ಚಾಚಿದಳು. ಅಷ್ಟರಲ್ಲಿ ಕಾರಿಡಾರಿನಲ್ಲಿ ತನ್ನೂರಿನವರೊಬ್ಬರ ಮುಖ ಕಂಡು, ಅವನು ಬಾಗಿಲಲ್ಲೇ ನಿಂತುಬಿಟ್ಟ.

ಅಲ್ಲೇ ನಿಂತಿರಲಿ. ಈಗ ನಿಮ್ಮನ್ನು ಕೇಳುತ್ತೇನೆ. ನೀವು ಯಾವ ಬಾಗಿಲಲ್ಲಿ ನಿಂತಿದ್ದೀರಿ? ನಿಮ್ಮ ಮನೆಯಲ್ಲೂ ಯಾರೋ ಗೋಡೆ ನೋಡುತ್ತ ಮಲಗಿಲ್ಲವೆ? ನೋಡಿ, "ತವರಿಗೆ ಹೋಗಿದ್ದಾಳೆ" ಅನ್ನುವ ಸುಳ್ಳನ್ನು ಇವತ್ತೇ ಬಿಡಿ. ಹಣ್ಣು ಕಳಿಸಬೇಡಿ, ನೀವು ಹೋಗಿ. ಏನು ಮಾತಾಡಬೇಕೋ ತೋಚದಿದ್ದರೆ ಅಲ್ಲಿನ ಸಿಸ್ಟರನ್ನು ಕೇಳಿ. ಆ ಮೌನದ ಪಕ್ಕ ದಿನಾ ಕೂತವಳು ಅವಳು. ಅದೂ ಆಗದಿದ್ದರೆ ಸ್ಟೂಲು ಎಳಕೊಂಡು ಸುಮ್ಮನೆ ಕೂತುಕೊಳ್ಳಿ. ಮನೆಯಲ್ಲೂ ಹಾಗೇ ಕೂತುಕೊಳ್ಳಿ, ದಿನಾ.

ಇನ್ನೂ ಕೈ ಚಾಚಿಕೊಂಡೇ ಇದ್ದಾಳೆ, ಪಾಪ.

"ಏನ್ ಸಾಹುಕಾರ್ರೇ, ಇಲ್ಲಿ?" ಅಂತ ಕಾರಿಡಾರಿನಿಂದ ಕೂಗು ಬಂತು.

ಅವನು ಅತ್ತ ತಿರುಗಿದ. "ನನ್ನ ಹೆಂಡ್ತಿ ಇದ್ದಾಳೆ ಇಲ್ಲಿ," ಅಂದ. ಒಳಗೆ ಬಂದು ಮಂಚದ ಅಂಚಿಗೆ ಕೂತ. ಸಿಸ್ಟರ್ ಬಳೆಗಳನ್ನು ಅವನ ಅಂಗೈಗೆ ಹಾಕಿದಳು.

ಸೋಪು ಬೇಕಾಗಲಿಲ್ಲ. ಕೈ ಅಷ್ಟು ಸೊರಗಿತ್ತು. ಒಂದೊಂದೇ ಬಳೆ ತಾನೇ ಒಳಗೆ ಸರಿಯಿತು, ಕೊನೆಯದೂ.