ಬಿಚ್ಚದೆಯೇ ಹೇಳುವ ಗುರುಬಸವ

ಇದು ಕಟ್ಟಿದ ಕತೆಯಲ್ಲ. ಬಳಗಾನೂರಿನ ನಮ್ಮ ದೊಡ್ಡವ್ವನ ಮಗ ಗುರುಬಸವನಿಗೆ ಹೋದ ವರ್ಷ ಆಗಿದ್ದು.

ಮಸ್ಕಿಯಿಂದ ಬಂದ ಕೊನೆಯ ಬಸ್ಸು ಅವನನ್ನು ಕ್ರಾಸಿನಲ್ಲಿ ಇಳಿಸಿ ಹೋಯಿತು. ಅಲ್ಲಿಂದ ಮನೆಗೆ ಕಾಲುವೆ ದಂಡೆ ಹಿಡಿದು, ಹಾಳುಬಾವಿ ದಾಟಿ ನಡೆಯಬೇಕು. ಬಗಲಲ್ಲಿ ಚೀಲ. ಚೀಲದೊಳಗೆ ಹಿಂದೆ ಟಿ.ವಿ.ಗೆ ಹಚ್ಚಿ ನಡೆಸುತ್ತಿದ್ದ, ನಲವತ್ತು ವರ್ಷದ ಹಳೆಯ ಕಂಪ್ಯೂಟರು.

ಇಂಥವನ್ನು ಹುಡುಕಿ ತಂದು ಹವ್ಯಾಸದವರಿಗೆ ಮಾರುವುದು ಅವನ ಕಸುಬು. ಕಂಪನಿ ಮೊದಲು ಬಿಟ್ಟ ಮಾದರಿಯೋ, ಒಳಗಿನ ಬೋರ್ಡು ಬದಲಿಸಿ ಆಮೇಲೆ ಬಿಟ್ಟಿದ್ದೋ ಅಂತ ಬಿಚ್ಚದೆಯೇ ಹೇಳುತ್ತಿದ್ದ. ಮೊದಲಿನದಕ್ಕೇ ಭಾರಿ ಬೆಲೆ. ಬಟನ್‌ಗಳ ಬಣ್ಣ ನೋಡುವುದು, ಹಿಂದಿನ ಸೀಳಿಗೆ ಟಾರ್ಚ್ ಬಿಡುವುದು, ಚಾಲೂ ಮಾಡಿ ಅಂಗೈ ಇಟ್ಟು ಎಲ್ಲಿ ಬಿಸಿಯಾಯಿತು ಅಂತ ತಿಳಿಯುವುದು. ಕಲಿಸಿದವರು ಮಸ್ಕಿಯ ಅಮರಗುಂಡಪ್ಪ ಮಾಸ್ತರು. ತಮ್ಮ ಮನೆಯ ಕಂಪ್ಯೂಟರು ಮೊದಲ ಮಾದರಿ ಅಂತ ಜೀವಮಾನವೆಲ್ಲ ಹೆಮ್ಮೆಪಟ್ಟವರು, ತಿಂಗಳ ಹಿಂದೆ ತೀರಿಕೊಂಡಿದ್ದರು.

ಅವತ್ತು ಸಂಜೆ ಅವರ ಹೆಂಡತಿ ಗುರುಲಿಂಗಮ್ಮ ಆ ಕಂಪ್ಯೂಟರನ್ನು ಇವನ ಮುಂದಿಟ್ಟು ಕೇಳಿದ್ದರು: "ಇದು ಖರೇನ ಮೊದಲಿಂದೇನಪ್ಪ? ಆಗಿದ್ರ ಅವರು ಕಲಿಸಿದ ಸಾಲಿಗೆ ಅವರ ಹೆಸರಲೆ ಕೊಡತೀನಿ. ವಿಭೂತಿ ಮುಟ್ಟಿ ಹೇಳು."

ಮೊದಲಿನದೇ. ಕಂಡ ಕೂಡಲೇ ಗೊತ್ತಾಗಿತ್ತು. ಆದರೂ ಆಸೆಬುರುಕ, ಫೋಟೊದ ಮುಂದಿನ ವಿಭೂತಿ ಮುಟ್ಟಿದ.

"ಅಲ್ರಿ ಅಮ್ಮ, ಆಮೇಲಿಂದು. ಮಾಸ್ತರು ಸುಮ್ನ ಹೇಳ್ಕೊಂತಿದ್ರು. ಗುಜರಿಗೆ ಹಾಕೂದ ಇದು."

ಗಂಡ ತನಗೂ ಸುಳ್ಳು ಹೇಳಿದ್ದರೆಂದು ಆ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಒಯ್ಯಿ ಹಂಗಾರ" ಅಂದರು. ಥೂ, ಇವನ ಜನ್ಮಕ್ಕೆ.

ಬಾವಿ ಹತ್ತಿರ ಬಂತು... ಚೀಲದೊಳಗೆ, ಟಿಕ್. ಬಟನ್ ಒತ್ತಿದಾಗ ಆ ಮಷೀನು ಮಾಡುವ ಸದ್ದು. ಕರೆಂಟಿಲ್ಲ, ವೈರಿಲ್ಲ... ಟಿಕ್. ಟಿಕ್.

ಹಿಂದೆ ಯಾರೋ ಬಂದು ನಿಂತರು.

"ಬಸವಾ... ತಿರುಗಬ್ಯಾಡ."

ಮಾಸ್ತರ ದನಿ. ಬೆನ್ನ ಮೇಲೆ ತಣ್ಣನೆಯ ಅಂಗೈ ಕೂತಿತು. ಭುಜ, ನಡು... ಎಡಪಕ್ಕೆಗೆ ಬಂದು ನಿಂತಿತು.

"ಏನ್ ನೋಡಾಕತ್ತೀರಿ ಸರ್..."

"ಒಳಗ ಏನೈತಿ ಅಂತ."

"ತಪ್ಪಾತ್ರಿ... ಮುಂಜಾನೆ ಒಯ್ದು ಕೊಡ್ತೀನ್ರಿ. ಖರೇ ಹೇಳ್ತೀನ್ರಿ."

"ಹೇಳು. ಆದ್ರ ನನ್ನ ಹೆಂಡ್ತಿ ಮುಂದ ನನ್ನ ಸುಳ್ಳುಗಾರನ್ನ ಮಾಡಿದಿ. ಅದಕ್ಕ ನಾ ಒಂದು ತಗೋತೀನಿ." ಅಂಗೈ ಪಕ್ಕೆಯನ್ನು ಒತ್ತಿತು. "ಹೆದರಬ್ಯಾಡ... ಬಿಚ್ಚೂದಿಲ್ಲ."

ಒಣ ಜಾಲಿ ಕಡ್ಡಿ ಮುರಿದ ಹಾಗೆ, ಲಟಕ್.

ಬೆಳಗಾಗುತ್ತಲೇ ಮಸ್ಕಿಗೆ ಓಡಿದ. ಗುರುಲಿಂಗಮ್ಮನ ಕಾಲು ಹಿಡಿದು ನಿಜ ಹೇಳಿ ಮಷೀನು ಒಪ್ಪಿಸಿದ. ಅವರು ಬಯ್ಯಲಿಲ್ಲ, ಗಂಡನ ಫೋಟೊ ನೋಡುತ್ತ ಕೂತುಬಿಟ್ಟರು. ಇವನ ಪಕ್ಕೆ ಮಾತ್ರ ಒಳಕ್ಕೆ ಕುಸಿದಂತೆ ನೋಯುತ್ತಿತ್ತು. ಲಿಂಗಸುಗೂರಿಗೆ ಹೋಗಿ ಎಕ್ಸ್‌ರೇ ತೆಗೆಸಿದ. ತೆಗೆದ ವಾಸಿಂ ಫಿಲ್ಮು ಎತ್ತಿ ಹಿಡಿದು, "ಎಡಕಿನ ಒಂದು ಪಕ್ಕೆಲುಬು ಯಾವಾಗ ತೆಗೆಸೀರಿ ಅಣ್ಣ?" ಅಂದ. ಅಂಗಿ ಎತ್ತಿಸಿ ಇಬ್ಬರೂ ಹುಡುಕಿದರು. ಹೊಲಿಗೆಯ ಗುರುತಿಲ್ಲ, ಒಂದು ಗೀರೂ ಇಲ್ಲ.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆ ಫಿಲ್ಮನ್ನು ನಾನೇ ಬಿಸಿಲಿಗೆ ಹಿಡಿದು ಎಣಿಸಿದ್ದೇನೆ. ಬಲಕ್ಕೆ ಹನ್ನೆರಡು... ಎಡಕ್ಕೆ ಹನ್ನೊಂದು.